ಡ್ರ್ಯಾಗನ್ ಕೇವ್ ಅಥವಾ ಫ್ಲೈಟ್ ರೈಸಿಂಗ್: ಅಪರೂಪದ ಡ್ರ್ಯಾಗನ್ ಎಲ್ಲಿ ಸಾಕೋದು?

ಡ್ರ್ಯಾಗನ್ ಕೇವ್ 2006ರ ಆಟ, ಫ್ಲೈಟ್ ರೈಸಿಂಗ್ 2013ರದ್ದು. ಎರಡೂ ಬ್ರೌಸರ್‌ನಲ್ಲೇ ನಡೆಯುತ್ತವೆ, ದುಡ್ಡು ಕೊಡದೆಯೂ ಆಡಬಹುದು.

ಕೇವ್‌ನಲ್ಲಿ ಗುಹೆಯಿಂದ ಮೊಟ್ಟೆ ಎತ್ತಿಕೊಳ್ಳಬೇಕು. ಬೇರೆಯವರು ಅದನ್ನು ನೋಡಿದರೆ ಮಾತ್ರ ಮರಿ ಹೊರಬರುತ್ತದೆ. ಗಡುವಿನೊಳಗೆ ಸಾಕಷ್ಟು ಜನ ನೋಡದಿದ್ದರೆ ಸತ್ತೇ ಹೋಗುತ್ತದೆ, ಪಾಪ. ಅಪರೂಪದ ತಳಿ ಕಂಡಿತು ಅನ್ನುವಷ್ಟರಲ್ಲಿ ಯಾರೋ ಎತ್ತಿರುತ್ತಾರೆ. ಮಂಗಳೂರಿನ ಜೂನ್ ಮಳೆಗೆ ಕರೆಂಟು, ನೆಟ್ಟು ಎರಡೂ ಕೈಕೊಡುವಾಗ ಈ ಓಟ ಕಷ್ಟವೇ.

ಫ್ಲೈಟ್ ರೈಸಿಂಗ್‌ನಲ್ಲಿ ಅವಸರ ಕಡಿಮೆ, ಲೆಕ್ಕಾಚಾರ ಜಾಸ್ತಿ. 177 ಬಣ್ಣಗಳ ಒಂದು ಚಕ್ರ ಇದೆ. ಅಪ್ಪ ಅಮ್ಮನ ಬಣ್ಣಗಳ ನಡುವೆ ಬರುವ ಯಾವುದಾದರೂ ಬಣ್ಣ ಮರಿಗೆ ಬರುತ್ತದೆ. ಅಕ್ಕಪಕ್ಕದ ಬಣ್ಣದ ಜೋಡಿ ಹಾಕಿದರೆ ಬೇಕಾದದ್ದು ಬೇಗ ಸಿಗುತ್ತದೆ. ಪ್ರತಿ ಡ್ರ್ಯಾಗನ್‌ಗೂ ಒಂದು ನಂಬರ್ ಇರುತ್ತದೆ. ಆಟದ ಶುರುವಿನ ಚಿಕ್ಕ ನಂಬರ್‌ಗಳಿಗೆ, ಅಪ್ಪ ಅಮ್ಮ ಇಲ್ಲದ ಮೊದಲ ತಲೆಮಾರಿನವಕ್ಕೆ ಜನ ಮುಗಿಬೀಳುತ್ತಾರೆ. ಚಿಕ್ಕ ನಂಬರ್ ಇದ್ದ ಮಾತ್ರಕ್ಕೆ ಡ್ರ್ಯಾಗನ್‌ಗೆ ಬಲವೇನೂ ಹೆಚ್ಚಲ್ಲ. ಸುಮ್ನೆ, ಬೇರೆಯವರ ಹತ್ತಿರ ಇಲ್ಲ ಅಷ್ಟೇ! ಕಂಬಳದ ಕೋಣ ಯಾರ ಮನೆಯದು ಅಂತ ವಿಚಾರಿಸುವ ನಮ್ಮವರಿಗೆ ಈ ಹುಚ್ಚು ಬೇಗ ಅರ್ಥ ಆಗುತ್ತದೆ, ಅಲ್ವಾ?

ಮಣಿಪಾಲದ ಹಾಸ್ಟೆಲ್‌ನಲ್ಲಿ ರಾತ್ರಿ ಅರ್ಧ ಗಂಟೆ ಮಾತ್ರ ಬಿಡುವಿದ್ದರೆ ಫ್ಲೈಟ್ ರೈಸಿಂಗ್ ಸಾಕು. ಹ್ಯಾಲೋವೀನ್, ಕ್ರಿಸ್‌ಮಸ್ ದಿನಗಳಲ್ಲಷ್ಟೇ ಸಿಗುವ ಮೊಟ್ಟೆಗಳ ಆಸೆಯಿದ್ದರೆ ಕೇವ್‌ಗೆ ಹೋಗಿ, ಮೊಬೈಲ್ ಚಾರ್ಜ್ ಮಾಡಿಟ್ಟುಕೊಂಡು.