ಪ್ಯಾಕೆಟ್ ಹಿತಕಿದ ಬೇಳೆ: ಸಾರಿಗೇನೋ ಸರಿ, ಕೋಸಂಬರಿಗೆ?

ಅಂಗಡಿಯ ಹಿತಕಿದ ಅವರೆಬೇಳೆ ಪ್ಯಾಕೆಟ್ ಕೋಸಂಬರಿಗೂ ಆಗುತ್ತದೆ, ಕೊಂಡ ದಿನವೇ ಹಿತಕಿದ್ದಾದರೆ ಮಾತ್ರ. ಅಂಗಡಿಯಲ್ಲಿ ಹಿಂದಿನ ದಿನದಿಂದ ಉಳಿದದ್ದನ್ನು ಸಾರಿಗೆ ಹಾಕಿ. ಸಾರಿನ ಮಸಾಲೆ ಎಷ್ಟೋ ದೋಷ ಮುಚ್ಚುತ್ತದೆ. ಕೋಸಂಬರಿಯಲ್ಲಿ ನಿಂಬೆಹಣ್ಣು, ಉಪ್ಪು, ಒಂದು ಒಗ್ಗರಣೆ ಅಷ್ಟೇ. ಬೇಳೆ ಹುಳಿ ವಾಸನೆ ಹೊಡೆದರೆ ಮೊದಲ ತುತ್ತಿಗೇ ಗೊತ್ತಾಗುತ್ತದೆ.

ಬೆಂಗಳೂರು, ಮೈಸೂರು ಕಡೆಯ ತರಕಾರಿ ಅಂಗಡಿಗಳಲ್ಲಿ ಸಿಗುವ ಈ ಪ್ಯಾಕೆಟ್ಟಿಗೆ ಹೆಸರಿಲ್ಲ, ದಿನಾಂಕವಿಲ್ಲ. ಕಾಳನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ಸಿಪ್ಪೆ ಹಿತಕಿ, ಕವರಿಗೆ ತುಂಬಿ ಗಂಟು ಹಾಕಿರುತ್ತಾರೆ. ಕೆಡುವುದೂ ಅಲ್ಲಿಂದಲೇ ಶುರು. ನೆಂದ ಬೇಳೆ ಗಾಳಿಯಿಲ್ಲದ ಪ್ಲಾಸ್ಟಿಕ್ಕಿನಲ್ಲಿ ಬೆವರುತ್ತದೆ, ಮಧ್ಯಾಹ್ನದ ಬಿಸಿಲಿಗೆ ಹುಳಿಯಲು ಮೊದಲಾಗುತ್ತದೆ. ಕೊಳ್ಳುವಾಗ ಕವರಿನ ತಳ ನೋಡಿ. ಅಲ್ಲಿ ನೀರು ನಿಂತಿದ್ದರೆ, ಅಂಚಿನಲ್ಲಿ ನೊರೆಯಿದ್ದರೆ ಬಿಟ್ಟುಬಿಡಿ. ಬೇಳೆ ತಿಳಿ ಹಸಿರಾಗಿರಬೇಕು, ಹೆಚ್ಚಿನವು ಇಡಿಯಾಗಿರಬೇಕು. ಅರ್ಧಕ್ಕರ್ಧ ಹೋಳಾಗಿದ್ದರೆ ಕಾಳು ಅತಿಯಾಗಿ ನೆಂದಿದೆ ಎಂದರ್ಥ. ಬೇಯುವಾಗ ಕರಗಿ ಗಂಜಿಯಾಗುತ್ತದೆ.

ಬೆಲೆಯ ವಿಷಯ. ಕಾಲು ಕಿಲೋ ಹಿತಕಿದ ಬೇಳೆಗೆ ಸುಮಾರು ಒಂದು ಕಿಲೋ ಅವರೆಕಾಯಿ ಬೇಕು. ಎಳೆಗಾಯಿಯಾದರೆ ಇನ್ನೂ ಹೆಚ್ಚು. ಅಂದರೆ ಒಂದು ಕಿಲೋ ಬೇಳೆಯ ದರ ಕಾಯಿಯ ದರದ ನಾಲ್ಕು ಪಟ್ಟಿಗೆ ಹತ್ತಿರ ಬರುವುದು ನ್ಯಾಯ, ಬಿಡಿಸಿ ಹಿತಕಿದ ಕೂಲಿ ಬೇರೆ. ಸಗಟಿನಲ್ಲಿ ಕಾಯಿ ತರುವವರಿಗೆ ಸ್ವಲ್ಪ ಅಗ್ಗ ಬೀಳುತ್ತದೆ, ಸರಿ. ಆದರೆ ಎರಡು ಪಟ್ಟಿಗೇ ಕೊಡುತ್ತಿದ್ದರೆ ತೂಕದಲ್ಲಿ ನೀರೆಷ್ಟು, ಬೇಳೆಯೆಷ್ಟು ಎಂದು ಕೇಳಿಕೊಳ್ಳಬೇಕಾಗುತ್ತದೆ.

ಪ್ಯಾಕೆಟ್ಟಿನ ದೊಡ್ಡ ಕೊರತೆ ಸೊಗಡು. ಆ ಪರಿಮಳ ಹೆಚ್ಚಾಗಿ ಇರುವುದು ಕಾಯಿಯ ಮೇಲಿನ ಎಣ್ಣೆಯಂಥ ಜಿಡ್ಡಿನಲ್ಲಿ; ಕಾಯಿ ಬಿಡಿಸಿದವರ ಬೆರಳು ಸಂಜೆಯವರೆಗೂ ಘಮಘಮ ಎನ್ನುವುದು ಅದರಿಂದಲೇ. ಕಾಯಿಯ ಸಿಪ್ಪೆ ಹೋಗಿ, ರಾತ್ರಿಯಿಡೀ ನೆಂದು, ಕಾಳಿನ ಸಿಪ್ಪೆಯೂ ಹೋದ ಬೇಳೆಯಲ್ಲಿ ಉಳಿಯುವುದು ಬೆಣ್ಣೆಯಂಥ ಮೆದು, ಸ್ವಲ್ಪ ಸಿಹಿ. ತಳಿಯ ಪಾಲೂ ಇದೆ. ನಾಟಿ ಅವರೆ ಹಗಲು ಚಿಕ್ಕದಾದಾಗಲೇ ಹೂ ಬಿಡುವ ಗಿಡ, ಹಾಗಾಗಿ ನವೆಂಬರಿನಿಂದ ಫೆಬ್ರವರಿವರೆಗೆ ಅದರ ಕಾಲ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ 3 ಮತ್ತು 4 ಎಂಬ ತಳಿಗಳಿಗೆ ಹಗಲಿನ ಉದ್ದದ ಹಂಗಿಲ್ಲ, ಯಾವ ತಿಂಗಳು ಬಿತ್ತಿದರೂ ಕಾಯಿ ಕೊಡುತ್ತವೆ. ರೈತರಿಗೆ ಅನುಕೂಲವೇ, ಆದರೆ ಮೂಗಿಗೆ ಅಷ್ಟು ದಕ್ಕುವುದಿಲ್ಲ. ಇದಕ್ಕೊಂದು ಉಪಾಯವಿದೆ: ಪ್ಯಾಕೆಟ್ಟಿನ ಜೊತೆಗೆ ಕಾಲು ಕಿಲೋ ಸೊಗಡಿನ ಕಾಯಿಯನ್ನೂ ತನ್ನಿ. ಅದರ ಎಳೆ ಕಾಳನ್ನು ಹಿತಕಬೇಡಿ, ಸಿಪ್ಪೆ ಸಮೇತ ಬೇಯಿಸಿ ಬೆರೆಸಿ.

ನಾಲ್ವರಿಗೆ ಊಟದ ಜೊತೆಗೆ, ಅಥವಾ ಇಬ್ಬರಿಗೆ ಅದೇ ಊಟವಾಗಿ, ಈ ಅಳತೆ: ಹಿತಕಿದ ಬೇಳೆ ಕಾಲು ಕಿಲೋ, ಬಿಡಿಸಿದ ಹಸಿ ತೊಗರಿಕಾಳು ಅರ್ಧ ಬಟ್ಟಲು, ಕ್ಯಾರೆಟ್ ಒಂದು, ಎಳೆ ಮೂಲಂಗಿ ಅರ್ಧ, ಸಬ್ಬಸಿಗೆ ಸೊಪ್ಪು ಒಂದು ಹಿಡಿ, ಕಾಯಿತುರಿ ನಾಲ್ಕು ಚಮಚ, ಹುರಿದ ಕಡಲೆಕಾಯಿ ಬೀಜ ಎರಡು ಚಮಚ, ಹಸಿಮೆಣಸಿನಕಾಯಿ ಎರಡು, ಶುಂಠಿ ಅರ್ಧ ಇಂಚು, ಒಂದು ನಿಂಬೆಹಣ್ಣು.

ಹೆಸರುಬೇಳೆ ಕೋಸಂಬರಿಯ ಹಾಗೆ ನೆನೆಸಿ ಹಸಿಯಾಗಿ ತಿನ್ನುವ ಬೇಳೆ ಇದಲ್ಲ. ಹಸಿ ಅವರೆ ಹೊಟ್ಟೆಗೆ ಒಗ್ಗುವುದಿಲ್ಲ, ಅದರಲ್ಲಿರುವ ಕೆಲವು ಅಂಶಗಳು ಕುದಿದರೇ ಹೋಗಬೇಕು. ಕುಕ್ಕರನ್ನೂ ಮುಟ್ಟಬೇಡಿ, ಒಂದು ಕೂಗಿಗೇ ಮುದ್ದೆಯಾಗುತ್ತದೆ. ಒಂದು ಲೀಟರ್ ನೀರು ಮರಳಿದ ಮೇಲೆ ಅರ್ಧ ಚಮಚ ಉಪ್ಪು ಹಾಕಿ, ಮೊದಲು ತೊಗರಿಕಾಳು ಮತ್ತು ಸಿಪ್ಪೆಯಿರುವ ಅವರೆಕಾಳು. ನಾಲ್ಕೈದು ನಿಮಿಷ ಬಿಟ್ಟು ಹಿತಕಿದ ಬೇಳೆ. ಮುಚ್ಚಳ ಬೇಡ, ನೊರೆ ಉಕ್ಕಿದರೆ ಸೌಟಿನಿಂದ ತೆಗೆಯಿರಿ. ಎಂಟು ನಿಮಿಷಕ್ಕೆ ಒಂದು ಬೇಳೆ ತೆಗೆದು ಒತ್ತಿ ನೋಡಿ: ಎರಡಾಗಿ ಬಿರಿಯಬೇಕು, ನುಣ್ಣಗಾಗಬಾರದು. ಒಳಗೆ ಗಟ್ಟಿ ಎನಿಸಿದರೆ ಇನ್ನೆರಡು ನಿಮಿಷ. ಪ್ಯಾಕೆಟ್ಟಿನಲ್ಲಿ ಎಳೆಯದು, ಬಲಿತದ್ದು ಬೆರೆತೇ ಇರುವುದರಿಂದ ಮೂರು ನಾಲ್ಕು ಬೇಳೆಯನ್ನಾದರೂ ಒತ್ತಿ ನೋಡುವುದು ಕ್ಷೇಮ. ಕೂಡಲೇ ಬಸಿದು ಅಗಲ ತಟ್ಟೆಗೆ ಹರವಿ. ಪಾತ್ರೆಯಲ್ಲೇ ಬಿಟ್ಟರೆ ತನ್ನ ಬಿಸಿಗೇ ಮತ್ತಷ್ಟು ಬೇಯುತ್ತದೆ.

ಎರಡು ಚಮಚ ಎಣ್ಣೆಗೆ ಸಾಸಿವೆ, ಇಂಗು, ಕರಿಬೇವು, ಹೆಚ್ಚಿದ ಮೆಣಸಿನಕಾಯಿ, ಶುಂಠಿ. ಈ ಒಗ್ಗರಣೆ ಬೆಚ್ಚಗಿರುವ ಬೇಳೆಯ ಮೇಲೆ ಬೀಳಬೇಕು, ಹಸಿ ತರಕಾರಿಯ ಮೇಲಲ್ಲ. ಬೇಳೆ ಎಣ್ಣೆಯನ್ನು ಹೀರಿಕೊಳ್ಳುತ್ತದೆ, ಕ್ಯಾರೆಟ್ ಬರೀ ಜಿಡ್ಡಾಗುತ್ತದೆ. ಆರಿದ ಮೇಲೆ ಕ್ಯಾರೆಟ್ಟನ್ನು ದಪ್ಪ ತುರಿಯಾಗಿ, ಮೂಲಂಗಿಯನ್ನು ತುರಿಯದೆ ಸಣ್ಣಗೆ ಹೆಚ್ಚಿ ಸೇರಿಸಿ, ಜೊತೆಗೆ ಸಬ್ಬಸಿಗೆ, ಕಾಯಿತುರಿ. ತುರಿದ ಮೂಲಂಗಿ ಉಪ್ಪು ತಾಗಿದ ಹತ್ತು ನಿಮಿಷಕ್ಕೆ ನೀರು ಬಿಟ್ಟು ಎಲ್ಲವನ್ನೂ ಸಪ್ಪೆ ಮಾಡುತ್ತದೆ. ನಿಂಬೆರಸ, ಉಳಿದ ಉಪ್ಪು, ಕಡಲೆಕಾಯಿ ಬೀಜ ಎಲೆಗೆ ಬಡಿಸುವ ಮುಂಚೆ. ಸಬ್ಬಸಿಗೆ ಬದಲು ಕೊತ್ತಂಬರಿ ಹಾಕುವವರಿದ್ದಾರೆ, ತಪ್ಪೇನಿಲ್ಲ, ಆದರೆ ಅವರೆಗೆ ಸಬ್ಬಸಿಗೆಯಂಥ ಜೋಡಿ ಇನ್ನೊಂದಿಲ್ಲ.

ತಂದ ದಿನ ಬಳಸಲಾಗದಿದ್ದರೆ ಬೇಳೆಯನ್ನು ಕವರಿನಿಂದ ತೆಗೆದು, ತೊಳೆದು, ಬಟ್ಟೆಯ ಮೇಲೆ ಪೂರ್ತಿ ಆರಿಸಿ, ಸ್ಟೀಲ್ ಡಬ್ಬಿಯಲ್ಲಿ ಫ್ರಿಜ್ಜಿಗಿಡಿ, ಮರುದಿನಕ್ಕೆ ತೊಂದರೆಯಿಲ್ಲ. ಫ್ರೀಜರಿನಲ್ಲಿ ತಿಂಗಳುಗಟ್ಟಲೆ ಇಡಬಹುದು, ಆದರೆ ಅದು ಬೆಂದಾಗ ಹಿಟ್ಟುಹಿಟ್ಟಾಗುವುದರಿಂದ ಸಾರಿಗೆ, ಉಪ್ಪಿಟ್ಟಿಗೆ ಮಾತ್ರ. ಫೆಬ್ರವರಿ ಕೊನೆಯಲ್ಲಿ ಕಾಯಿ ಬಲಿತು ಕಾಳು ದಪ್ಪವಾದಾಗ ಪ್ಯಾಕೆಟ್ ಅಗ್ಗವಾಗಬಹುದು. ಆಗಿನ ಬೇಳೆಗೆ ಹನ್ನೆರಡು ನಿಮಿಷವಾದರೂ ಬೇಕು, ಸಿಹಿಯೂ ಕಡಿಮೆ. ಕೋಸಂಬರಿಗೆಂದೇ ಕೊಳ್ಳುವವರು ಸಂಕ್ರಾಂತಿಯ ಆಸುಪಾಸಿನಲ್ಲಿ ಕೊಳ್ಳಿ, ಬೆಳಿಗ್ಗೆ ಒಂಬತ್ತರೊಳಗೆ.