ಎಲೆಕ್ಟ್ರಿಕ್, ಹೈಬ್ರಿಡ್, ಸಿಎನ್‌ಜಿ: ಮಂಡ್ಯ–ಮೈಸೂರು ಓಡಾಟಕ್ಕೆ ಯಾವುದು?

ಮಂಡ್ಯದಲ್ಲಿ ಮನೆ, ಮೈಸೂರಿನಲ್ಲಿ ಕೆಲಸ. ಹೋಗಿ ಬರಲು ದಿನಕ್ಕೆ ಸುಮಾರು 90 ಕಿ.ಮೀ. ಇಂಥವರು ಕಾರಿನ ಬೆಲೆಗಿಂತ ಮೊದಲು ಯೋಚಿಸಬೇಕಾದ್ದು, ರಾತ್ರಿ ಅದು ಎಲ್ಲಿ ನಿಲ್ಲುತ್ತದೆ ಅನ್ನುವುದನ್ನು.

ಮನೆಯಲ್ಲೇ ಜಾಗ, ಪಕ್ಕದಲ್ಲೊಂದು 15 ಆಂಪಿಯರ್ ಪ್ಲಗ್ ಇದ್ದರೆ ನನ್ನ ಓಟು ಎಲೆಕ್ಟ್ರಿಕ್‌ಗೆ. ಟಿಯಾಗೊ ಇವಿಯಂಥ ಸಣ್ಣ ಕಾರಿನ 24 ಕಿಲೋವ್ಯಾಟ್ ಅವರ್ (ಅಂದರೆ 24 ಯೂನಿಟ್) ಬ್ಯಾಟರಿ ಈ ಓಡಾಟಕ್ಕೆ ಸಾಕು. ಯೂನಿಟ್‌ಗೆ 7 ಕಿ.ಮೀ. ಅಂತ ಹಿಡಿದರೂ ದಿನಕ್ಕೆ 13 ಯೂನಿಟ್ ಅಷ್ಟೇ. ಚಾಮುಂಡಿ ಬೆಟ್ಟ ಇಳಿಯುವಾಗ ಮೋಟಾರೇ ಜನರೇಟರ್ ಆಗಿ ಸ್ವಲ್ಪ ಕರೆಂಟ್ ಬ್ಯಾಟರಿಗೆ ವಾಪಸ್ ಬರುತ್ತದೆ. ಎಷ್ಟು ಚೆನ್ನಾಗಿದೆ, ಅಲ್ವಾ? ಕಲ್ಲಿದ್ದಲಿನ ಕರೆಂಟ್ ಆದರೆ ಹೊಗೆ ಬೇರೆ ಕಡೆ ಏಳುತ್ತದೆ, ನಿಜ. ಮನೆ ಮೇಲೆ ಸೋಲಾರ್ ಇದ್ದವರಿಗೆ ಆ ಕೊರಗೂ ಕಡಿಮೆ. ಎಕ್ಸ್‌ಪ್ರೆಸ್‌ವೇಯಲ್ಲಿ ಮಾತ್ರ ಸುಮ್ನೆ 100 ದಾಟಿಸಬೇಡಿ. ವೇಗ ಜಾಸ್ತಿಯಾದಷ್ಟೂ ಗಾಳಿಯ ತಡೆ ಹೆಚ್ಚಿ ಚಾರ್ಜ್ ಬೇಗ ಇಳಿಯುತ್ತದೆ.

ಬಾಡಿಗೆ ಮನೆ, ರಸ್ತೆಯಲ್ಲೇ ಪಾರ್ಕಿಂಗ್ ಅನ್ನುವವರಿಗೆ ಸ್ಟ್ರಾಂಗ್ ಹೈಬ್ರಿಡ್ ಸಲೀಸು. ಪೆಟ್ರೋಲ್ ಎಂಜಿನ್ ಜೊತೆ ಎಲೆಕ್ಟ್ರಿಕ್ ಮೋಟಾರೂ ಇರುತ್ತದೆ, ಸ್ವಲ್ಪ ದೂರ ಬರೀ ಕರೆಂಟಿನಲ್ಲೂ ಓಡುತ್ತದೆ. ಬ್ಯಾಟರಿ ಓಡುತ್ತಲೇ ಚಾರ್ಜ್ ಆಗುವುದರಿಂದ ಪ್ಲಗ್ ಬೇಕಿಲ್ಲ. ಗ್ರ್ಯಾಂಡ್ ವಿಟಾರಾಕ್ಕೆ ಕಂಪನಿ ಹೇಳುವ ಮೈಲೇಜ್ ಲೀಟರ್‌ಗೆ 27.97 ಕಿ.ಮೀ. ಆದರೆ ಇದರ ಲಾಭ ಕಾಣುವುದು ನಿಂತು ನಿಂತು ಸಾಗುವ ಊರೊಳಗಿನ ಟ್ರಾಫಿಕ್‌ನಲ್ಲಿ. ಒಂದೇ ಸಮನೆ ಹೈವೇ ಓಟದಲ್ಲಿ ಅಷ್ಟಿಲ್ಲ. ‘ಮೈಲ್ಡ್ ಹೈಬ್ರಿಡ್’ ಅಂದರೆ ಎಚ್ಚರ, ಅದು ಬರೀ ಕರೆಂಟಿನಲ್ಲಿ ಓಡುವುದಿಲ್ಲ.

ಸಿಎನ್‌ಜಿ, ಅಂದರೆ ಒತ್ತಿ ತುಂಬಿದ ನೈಸರ್ಗಿಕ ಅನಿಲ, ಕೈಗೆಟುಕುವ ದಾರಿ. ವ್ಯಾಗನ್ ಆರ್ ಕೆಜಿಗೆ 34.05 ಕಿ.ಮೀ. ಅನ್ನುತ್ತದೆ ಕಂಪನಿ. ಸಿಲಿಂಡರ್ ಡಿಕ್ಕಿ ನುಂಗುತ್ತದೆ, ದಸರಾಕ್ಕೆ ನೆಂಟರು ಬಂದರೆ ಬ್ಯಾಗು ತೊಡೆ ಮೇಲೆಯೇ. ಕೊಳ್ಳುವ ಮುಂಚೆ ನಿಮ್ಮ ದಾರಿಯ ಬಂಕಿನಲ್ಲಿ ಸಂಜೆ ಕ್ಯೂ ಎಷ್ಟಿರುತ್ತದೆ ಅಂತ ನೋಡಿಕೊಂಡು ಬನ್ನಿ.