ಎಂಟು ಚಾನೆಲ್ ತಾಪಮಾನ ಪೆಟ್ಟಿಗೆ ಕೊಳ್ಳುವವರು ದಯವಿಟ್ಟು ಓದಿ

ಏಲಕ್ಕಿ ಒಣಗಿಸುವ ಕೋಣೆಗೆಂದು ಯಾರಾದರೂ "ಎಂಟು ಚಾನೆಲ್, ಪ್ರತಿ ಚಾನೆಲ್‌ಗೂ ಬೇರೆ ಎಡಿಸಿ" (ವೋಲ್ಟೇಜನ್ನು ಅಂಕಿಯಾಗಿ ಬದಲಿಸುವ ಭಾಗ) ಎಂದು ಹೇಳಿ ತಾಪಮಾನ ದಾಖಲಿಸುವ ಪೆಟ್ಟಿಗೆ ಮಾರಲು ಬಂದರೆ, ಹಣ ಕೊಡುವ ಮೊದಲು ಮುಚ್ಚಳ ತೆಗೆಸಿ ನೋಡಿ. ಸೋಮವಾರಪೇಟೆ ಕಡೆಯ ನಮ್ಮ ದೊಡ್ಡಪ್ಪನವರಿಗೆ ನಾನೇ ಮುಂದೆ ನಿಂತು ಕೊಡಿಸಿದ ಪೆಟ್ಟಿಗೆಯೊಳಗೆ ಇದ್ದದ್ದು ಎಂಟು ಎಡಿಸಿಗಳಲ್ಲ, ಒಂದೇ ಒಂದು.

ಮೂರನೆಯ ಚಾನೆಲ್‌ನ ಥರ್ಮಿಸ್ಟರ್ (ಬಿಸಿಗೆ ತಕ್ಕಂತೆ ವಿದ್ಯುತ್ ರೋಧ ಬದಲಾಗುವ ಬಿಡಿಭಾಗ) ಒಲೆಯ ಕೊಳವೆಯ ಪಕ್ಕದಲ್ಲಿದೆ, ಅಲ್ಲಿ ಬಿಸಿ ಹೆಚ್ಚು. ನಾಲ್ಕನೆಯದು ತಟ್ಟೆಗಳ ನಡುವೆ ಇದೆ. ಅಲ್ಲಿ ಕೈ ಥರ್ಮಾಮೀಟರ್ 45 ಡಿಗ್ರಿ ತೋರಿಸುವಾಗ ಈ ಪೆಟ್ಟಿಗೆ 54 ಎನ್ನುತ್ತಿತ್ತು. ಹಸಿರು ಬಣ್ಣ ಕೆಡುತ್ತದೆಂಬ ಹೆದರಿಕೆಯಿಂದ ಬೆಂಕಿ ತಗ್ಗಿಸಿದರು. ಮಳೆಗಾಲದ ತೇವದಲ್ಲಿ ಕಾಯಿ ಅರ್ಧಂಬರ್ಧ ಒಣಗಿ ಹಾಳಾಯಿತು. "ನೀನು ತರಿಸಿದ ಪೆಟ್ಟಿಗೆಯೇ ಹೇಳಿತಲ್ಲ ಮಗ" ಎಂದು ದೊಡ್ಡಪ್ಪ ಎಲ್ಲರೆದುರು ಹೇಳಿದಾಗ ತಲೆ ಎತ್ತಲಾಗಲಿಲ್ಲ.

ಮಾರಿದವರಿಗೆ ಫೋನ್ ಮಾಡಿದರೆ ಮೊದಲು ಬಂದ ಉತ್ತರ, "ನಿಮ್ಮ ಕೊಡಗಿನಲ್ಲಿ ತೇವ ಜಾಸ್ತಿ ಸಾರ್, ಕೇಬಲ್ ಒಳಗೆ ನೀರು ಹೋಗಿರುತ್ತದೆ." ಹೊಸ ಕೇಬಲ್ ಹಾಕಿದೆ. ಹಾಗೆಯೇ ಇತ್ತು. ಮತ್ತೆ ಕೇಳಿದರೆ, "ಹಾಗಾದರೆ ಪ್ರೋಬ್ ಹೋಗಿದೆ, ಹೊಸದು ಆರ್ಡರ್ ಮಾಡಿ." ಪ್ರೋಬ್ ಎಂದರೆ ಥರ್ಮಿಸ್ಟರ್ ಇರುವ ಕಡ್ಡಿ. ಪ್ರೋಬ್‌ಗಳನ್ನು ಅದಲುಬದಲು ಮಾಡಿದರೂ ದೋಷ ನಾಲ್ಕನೆಯ ಚಾನೆಲ್‌ನಲ್ಲೇ ಉಳಿಯಿತು.

ಆಮೇಲೆ ನಾನೇ ಕುಳಿತು ಪರೀಕ್ಷಿಸಿದೆ. ನಾಲ್ಕಕ್ಕೆ ಥರ್ಮಿಸ್ಟರ್ ಬದಲು 33 ಕಿಲೋ ಓಮ್‌ನ ಸಾದಾ ರೆಸಿಸ್ಟರ್ ಜೋಡಿಸಿ, ಮೂರರ ಪ್ರೋಬನ್ನು ಬಿಸಿನೀರಿನ ಲೋಟದಲ್ಲಿ ಅದ್ದಿದೆ. ರೆಸಿಸ್ಟರಿಗೆ ಬಿಸಿಯೇ ತಗಲಿಲ್ಲ, ಆದರೂ ನಾಲ್ಕರ ಅಂಕಿ ಏರತೊಡಗಿತು! ಎರಡನೆಯ ಚಾನೆಲ್ ಅಲುಗಲಿಲ್ಲ. ಕೇಬಲ್‌ನಿಂದ ಕೇಬಲ್‌ಗೆ ಸೋರಿಕೆಯಾಗಿದ್ದರೆ ಎರಡೂ ಪಕ್ಕಕ್ಕೆ ಹರಡಬೇಕಿತ್ತು. ಓದುವ ಸರದಿಯಲ್ಲಿ ಮುಂದಿನದು ಮಾತ್ರ ಕೆಡುತ್ತಿದೆ ಎಂದರೆ ಹಿಂದಿನ ಚಾನೆಲ್‌ನ ವೋಲ್ಟೇಜ್ ಒಳಗೆಲ್ಲೋ ಉಳಿದುಕೊಳ್ಳುತ್ತಿದೆ ಎಂದೇ ಅರ್ಥ. ರೆಸಿಸ್ಟರನ್ನು 1 ಕಿಲೋ ಓಮ್‌ಗೆ ಬದಲಿಸಿದ ಕೂಡಲೇ, ಒಂದು ಚಾನೆಲ್ ಇನ್ನೊಂದನ್ನು ಕೆಡಿಸುವ ಈ ಕ್ರಾಸ್‌ಟಾಕ್ ಮಾಯವಾಯಿತು.

ಮುಚ್ಚಳ ಬಿಚ್ಚಿದೆ. ಎಂಟು ತಂತಿಗಳೂ, ಎಂಟರಲ್ಲಿ ಒಂದೊಂದನ್ನೇ ಸರದಿಯಂತೆ ಆರಿಸಿಕೊಡುವ ಒಂದು 4051 ಮಲ್ಟಿಪ್ಲೆಕ್ಸರ್‌ಗೆ ಹೋಗಿ, ಅದರ ಒಂದೇ ಔಟ್‌ಪುಟ್ ಒಂದೇ ಎಡಿಸಿಗೆ ಸೇರಿತ್ತು. ಆ ಎರಡರ ನಡುವಿನ ದಾರಿಯ ಮೇಲೆ, ಬಹುಶಃ ವಿದ್ಯುತ್ ಗದ್ದಲ ತಗ್ಗಿಸಲು, 103 ಎಂದು ಅಚ್ಚಾದ, ವಿದ್ಯುತ್ತನ್ನು ಹಿಡಿದಿಡುವ ಪುಟ್ಟ ಸೆರಾಮಿಕ್ ಕೆಪಾಸಿಟರ್, ಅಂದರೆ 0.01 ಮೈಕ್ರೋಫ್ಯಾರಡ್. ನಮ್ಮ ಥರ್ಮಿಸ್ಟರಿನಂಥ ಹತ್ತಾರು ಕಿಲೋ ಓಮ್ ಮೂಲಕ ಅದು ಹೊಸ ವೋಲ್ಟೇಜಿಗೆ ಹೊಂದಿಕೊಳ್ಳಲು ಒಂದೆರಡು ಮಿಲಿಸೆಕೆಂಡ್ ಬೇಕು. ಈ ಪೆಟ್ಟಿಗೆಯೋ ಚಾನೆಲ್ ಬದಲಾದ ತಕ್ಷಣ ಓದಿಬಿಡುತ್ತದೆ. ಒಬ್ಬರು ಕುಡಿದಿಟ್ಟ ಲೋಟದಲ್ಲೇ ಇನ್ನೊಬ್ಬರಿಗೆ ಕಾಫಿ ಬಗ್ಗಿಸಿದ ಹಾಗೆ.

ಆಗ ನೆನಪಾಯಿತು ನನಗೆ, ಮಾರಿದವರು ಮೇಜಿನ ಮೇಲೆ ತೋರಿಸಿದ ಆ ಪ್ರದರ್ಶನ. 1 ಕಿಲೋ ಓಮ್‌ನ ಪೊಟೆನ್ಷಿಯೋಮೀಟರ್‌ಗಳನ್ನು (ತಿರುಗಿಸಿ ರೋಧ ಬದಲಿಸುವ ಗುಂಡಿಗಳು) ಒಂದೊಂದಾಗಿ ತಿರುಗಿಸಿ, "ನೋಡಿ ಸಾರ್, ಪಕ್ಕದ್ದು ಒಂದಂಕಿ ಕೂಡ ಕದಲುವುದಿಲ್ಲ" ಎಂದಿದ್ದರು. ಕದಲುವುದು ಹೇಗೆ? ಅಷ್ಟು ಕಡಿಮೆ ರೋಧದಲ್ಲಿ ಆ ಕೆಪಾಸಿಟರ್ ಕಣ್ಣು ಮಿಟುಕಿಸುವುದರೊಳಗೆ ತುಂಬಿಬಿಡುತ್ತದೆ. ನಮ್ಮ ಥರ್ಮಿಸ್ಟರನ್ನೇ ಜೋಡಿಸಿ ತೋರಿಸಿ ಎಂದರೆ "ಸೈಟಿನಲ್ಲಿ ಮಾಡೋಣ" ಎಂದು ಜಾರಿಕೊಂಡದ್ದು ಇದಕ್ಕೇ! ತಿಳಿದೇ ಮಾಡಿದ್ದಾರೆ ಎಂದು ನಾನು ನಂಬುತ್ತೇನೆ.

ಚಾನೆಲ್ ಬದಲಿಸಿದ ಮೇಲೆ ಐದು ಮಿಲಿಸೆಕೆಂಡ್ ಕಾಯುವಂತೆ ಪ್ರೋಗ್ರಾಂ ತಿದ್ದಿಕೊಡಿ ಎಂದು ಬರೆದೆ. "ಸಾಫ್ಟ್‌ವೇರ್ ಲಾಕ್ ಆಗಿದೆ ಸಾರ್, ಹೊಸ ಮಾಡೆಲ್ ತೊಗೊಳ್ಳಿ" ಎಂದರು. ಬೇರೆ ದಾರಿ ಕಾಣದೆ ಆ ಕೆಪಾಸಿಟರನ್ನು ಕಿತ್ತು, ಮಲ್ಟಿಪ್ಲೆಕ್ಸರ್‌ಗಿಂತ ಮೊದಲೇ ಪ್ರತಿ ಚಾನೆಲ್‌ಗೂ 0.1 ಮೈಕ್ರೋಫ್ಯಾರಡ್‌ನದೊಂದನ್ನು ಬೆಸುಗೆ ಹಾಕಿದೆ. ಈಗ ನಾಲ್ಕನೆಯ ಚಾನೆಲ್ ಕೈ ಥರ್ಮಾಮೀಟರ್‌ನೊಂದಿಗೆ ಹೊಂದುತ್ತಿದೆ.

ಕೊಳ್ಳುವುದಿದ್ದರೆ ನಿಮ್ಮದೇ ಪ್ರೋಬ್‌ಗಳನ್ನು ಒಯ್ದು, ಒಂದನ್ನು ಬಿಸಿನೀರಿನಲ್ಲಿಟ್ಟು ಮುಂದಿನ ಚಾನೆಲ್ ನೋಡಿ; ಮಾರುವವರು ಪೊಟೆನ್ಷಿಯೋಮೀಟರ್ ಹೊರತೆಗೆದರೆ ಎದ್ದು ಬನ್ನಿ. ನಮ್ಮ ಹಣ ಕೇಳಿದ್ದಕ್ಕೆ ಅವರು ಕಳಿಸಿದ ಕೊನೆಯ ಸಂದೇಶ: "ಸೀಲ್ ಒಡೆದಿರುವುದರಿಂದ ವಾರಂಟಿ ರದ್ದಾಗಿದೆ ಸಾರ್."